ನಾಲ್ಕನೆಯ ಕೈ

ಮಲೆನಾಡಿನ ಮಳೆಗಾಲವನ್ನು ಕಂಡರಿಯದ ವಾಚಕರಿಗೆ ಇಸ್ಪೀಟಿನ ಎಲೆಗಳ ಮಹಿಮೆಯನ್ನು ತಿಳಿಯಹೇಳುವುದು ಕಷ್ಟದ ಕೆಲಸ. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ, ಅಲ್ಲಿಂದ ಕಳಸಕ್ಕೆ ಹೋದಹಾಗೆಲ್ಲ ಮಳೆಯ ಎಳೆ ದಪ್ಪವಾಗುತ್ತ ಹೋಗುತ್ತದೆ. ಮರಗಸಿ ಮುಗಿದಿರುತ್ತದೆ, ಹಣ್ಣು ಕುಯ್ಯುವ ಕಾಲಕ್ಕೆ ಇನ್ನೂ ನಾಲ್ಕಾರು ತಿಂಗಳು ಉಂಟು. ಆಗ ತೋಟದ ಮನೆಯಲ್ಲಿ ಕುಳಿತ ಯಜಮಾನನಿಗೆ ಎರಡೇ ದಾರಿಗಳು: ಹಂಚಿನ ಮೇಲೆ ಬೀಳುವ ಹನಿಗಳನ್ನು ಎಣಿಸುವುದು, ಇಲ್ಲವೆ ನಾಲ್ವರನ್ನು ಕೂಡಿಸಿ ಬ್ರಿಜ್ ಆಡುವುದು. ಮೊದಲನೆಯದಕ್ಕೆ ಒಬ್ಬನೇ ಸಾಕು. ಎರಡನೆಯದಕ್ಕೆ ಸರಿಯಾಗಿ ನಾಲ್ವರೇ ಬೇಕು. ಮೂವರಾದರೆ ಆಟವೇ ಇಲ್ಲ. ಐವರಾದರೆ ಒಬ್ಬನು ಬೆನ್ನ ಹಿಂದೆ ನಿಂತು ನಿಟ್ಟುಸಿರು ಬಿಡಬೇಕು.

ಪಟ್ಟಣದವರಿಗೆ ನಾಲ್ಕನೆಯವನು ಪಕ್ಕದ ಬೀದಿಯಲ್ಲಿಯೇ ದೊರೆಯುತ್ತಾನೆ. ಕಾಫಿಯ ಬೆಟ್ಟಗಳಲ್ಲಿ ಅವನು ಎಂಟು ಹತ್ತು ಮೈಲಿಯಾಚೆಯಿಂದ, ಎರಡು ಹಳ್ಳಗಳನ್ನು ದಾಟಿ, ದಾರಿಯುದ್ದಕ್ಕೂ ಜಿಗಣೆಗಳಿಗೆ ಕಪ್ಪವನ್ನೊಪ್ಪಿಸಿ ಬರತಕ್ಕವನು. ಆದುದರಿಂದ ಅವನು ಹೇಗೆ ಆಡುತ್ತಾನೆಂಬುದು ಎರಡನೆಯ ಮಾತು. ಬರುತ್ತಾನೆಯೇ ಎಂಬುದೇ ಮೊದಲನೆಯ ಮಾತು. ಹೀಗೆ ಬಂದ ನಾಲ್ಕನೆಯ ಕೈಗಳು ಮಾಡಿದ ಎಡವಟ್ಟುಗಳನ್ನೂ, ಆಡಿದ ಮುಗ್ಧವಾಕ್ಯಗಳನ್ನೂ ಈ ಸಾರಿ ವಾಚಕರ ಮುಂದಿಡಬೇಕೆಂದು ನಮ್ಮ ಬಯಕೆ. ಕೆಲವನ್ನು ನಾವೇ ಕೇಳಿದ್ದೇವೆ. ಕೆಲವು ಕ್ಲಬ್ಬಿನ ಜಗಲಿಗಳಲ್ಲಿ ಬಾಯಿಂದ ಬಾಯಿಗೆ ಬಂದವು. ಹೆಸರುಗಳನ್ನು ಹೇಳುವುದಿಲ್ಲ; ಹೇಳಿದರೆ ಇರುವ ಮೇಜುಗಳೂ ಮುರಿದುಬಿದ್ದಾವು.

ಇಸ್ಪೀಟೆಂದೊಡನೆ ಮೂಗು ಮುರಿಯುವ ಹಿರಿಯರು ನಮ್ಮ ವಾಚಕರಲ್ಲಿಯೂ ಇರಬಹುದು. ಅವರ ಸಮಾಧಾನಕ್ಕಾಗಿ ಎರಡು ಮಾತು. ರಮ್ಮಿ ಆಟದ ಮೊಕದ್ದಮೆಯೊಂದರಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 1967ನೆಯ ಇಸವಿಯಲ್ಲಿ ತೀರ್ಪು ಕೊಡುತ್ತ, ರಮ್ಮಿಯಲ್ಲಿರುವ ಅದೃಷ್ಟದ ಅಂಶವು ಬ್ರಿಜ್ಜಿನಲ್ಲಿ ಎಲೆ ಹಂಚುವಾಗ ಇರುವಂಥದೇ ಎಂದು ಹೇಳಿತು. ಎಂದರೆ ಜಾಣ್ಮೆಯ ಆಟಕ್ಕೆ ಒರೆಗಲ್ಲಾಗಿ ಬ್ರಿಜ್ಜನ್ನೇ ಹಿಡಿಯಿತು. 2018ರಲ್ಲಿ ಜಕಾರ್ತದಲ್ಲಿ ನಡೆದ ಏಷ್ಯಾ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್, ಶಿಬನಾಥ ಸರ್ಕಾರ್ ಎಂಬ ನಮ್ಮವರಿಬ್ಬರು ಇದೇ ಆಟದಲ್ಲಿ ಚಿನ್ನದ ಪದಕ ಪಡೆದರು. ಆಗ ಒಬ್ಬರಿಗೆ 60, ಇನ್ನೊಬ್ಬರಿಗೆ 56 ವರ್ಷ. ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ವಯಸ್ಸಿನಲ್ಲಿ ಪದಕ ಕೊಡಿಸುವ ಆಟ ಇದಲ್ಲದೆ ಇನ್ನಾವುದಿದೆ?

ಈ ಆಟ ಇಲ್ಲಿಗೆ ಬಂದುದು ಇಂಗ್ಲಿಷ್ ಪ್ಲಾಂಟರುಗಳ ಕ್ಲಬ್ಬುಗಳ ಬಾಗಿಲಿನಿಂದ. ಚಿಕ್ಕಮಗಳೂರಿನ ಕಡೂರು ಕ್ಲಬ್ಬು ಜಿಲ್ಲೆಯ ಹಳೆಯ ಹೆಸರನ್ನು ಈಗಲೂ ಉಳಿಸಿಕೊಂಡಿದೆ. ನೆರೆಯ ಸಕಲೇಶಪುರದಲ್ಲಿ ಮಂಜರಾಬಾದ್ ಕ್ಲಬ್ಬು 1893ರಲ್ಲಿ ಸ್ಥಾಪಿತವಾದಾಗ ಇಂದಿನ ಬ್ರಿಜ್ ಇನ್ನೂ ಹುಟ್ಟಿರಲಿಲ್ಲ. ಅದರ ಅಜ್ಜನಾದ ವಿಸ್ಟ್ ಆಟದ ಕಾಲ ಅದು. ಆಮೇಲೆ ಬಂದ ಸವಾಲಿನ ಬ್ರಿಜ್ಜಿನ ಹುಟ್ಟಿನ ವಿಷಯದಲ್ಲಿ ಒಂದು ಪ್ರತೀತಿಯುಂಟು: ನಮ್ಮ ದೇಶದಲ್ಲಿಯೇ ಎಲ್ಲಿಯೋ ದೂರದ ಠಾಣ್ಯದಲ್ಲಿದ್ದ ಮೂವರು ಇಂಗ್ಲಿಷ್ ಅಧಿಕಾರಿಗಳಿಗೆ ನಾಲ್ಕನೆಯವನು ದೊರೆಯದೆ, ಹೊತ್ತು ಹೋಗದೆ, ಮೂವರೇ ಕುಳಿತು ಸವಾಲು ಕೂಗುವ ಕ್ರಮವನ್ನು ಕಟ್ಟಿದರಂತೆ. ನಿಜವೋ ಸುಳ್ಳೋ ಕಾಣೆವು. ಕಳಸದ ಕಡೆಯವರಿಗೆ ಹೇಳಿದರೆ ಮಾತ್ರ ಮರುಮಾತಿಲ್ಲದೆ ನಂಬುತ್ತಾರೆ.

ಆಟವನ್ನರಿಯದ ಗೃಹಿಣಿಯರಿಗಾಗಿ ಅದರ ರೂಪವನ್ನಿಷ್ಟು ಹೇಳಿಬಿಡೋಣ. 52 ಎಲೆಗಳನ್ನು ನಾಲ್ವರಿಗೂ 13ರಂತೆ ಹಂಚುವುದು. ಎದುರುಬದುರು ಕುಳಿತವರು ಜೊತೆಗಾರರು. ಇಸ್ಪೀಟು, ಆಟೀನು, ಡೈಮನ್ನು, ಕಳಾವರು ಎಂಬ ನಾಲ್ಕು ಜಾತಿಗಳಲ್ಲಿ ಒಂದನ್ನು ತುರುಪಾಗಿ ಹೇಳಿಯೋ, ತುರುಪೇ ಬೇಡವೆಂದೋ, 'ಇಷ್ಟು ಟ್ರಿಕ್ಕು ಗೆಲ್ಲುತ್ತೇವೆ' ಎಂದು ಸರದಿಯಂತೆ ಸವಾಲು ಕೂಗಬೇಕು. ಒಂದರಿಂದ ಏಳರವರೆಗೆ ಕೂಗಬಹುದು. ಕೂಗಿದ ಅಂಕಿಗೆ ಆರು ಸೇರಿಸಿದಷ್ಟು ಟ್ರಿಕ್ಕು ಗೆಲ್ಲಬೇಕು. ಸವಾಲು ಗೆದ್ದವನ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿ ಹಾಸಿ, ಬಾಯಿ ಮುಚ್ಚಿಕೊಂಡು ಕೂಡಬೇಕು. ಅವನಿಗೆ ಡಮ್ಮಿಯೆಂದು ಹೆಸರು. ಒಪ್ಪಿದಷ್ಟು ಟ್ರಿಕ್ಕು ಬಾರದಿದ್ದರೆ ಸವಾಲು 'ಮುಳುಗಿತು' ಎನ್ನುತ್ತಾರೆ. ಈ ಶಬ್ದವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ.

ಹೊಸಬರು ಕೇಳುವ ಮೊದಲನೆಯ ಪ್ರಶ್ನೆ, 'ಇದರಲ್ಲಿ ಸೇತುವೆ ಎಲ್ಲಿದೆ?' ಎಂಬುದು. ಬಲ್ಲವರು ನಗುತ್ತಾರೆ. ನಕ್ಕ ಬಳಿಕ, ಜೊತೆಗಾರರಿಬ್ಬರ ನಡುವೆ ಸೇತುವೆ ಕಟ್ಟುವುದರಿಂದ ಆ ಹೆಸರೆಂದು ಗಂಭೀರವಾಗಿ ವಿವರಿಸುತ್ತಾರೆ. ಇದು ಮೇಲಿನ ಪ್ರಶ್ನೆಗಿಂತ ದೊಡ್ಡ ಎಡವಟ್ಟು. 1886ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಚಿಕ್ಕ ಹೊತ್ತಗೆಯಲ್ಲಿ ಈ ಆಟಕ್ಕೆ 'ಬಿರಿಚ್' ಅಥವಾ ರಷ್ಯನ್ ವಿಸ್ಟ್ ಎಂದು ಹೆಸರಿಟ್ಟಿದೆ. ಆ ಬಿರಿಚ್ಚೇ ಇಂಗ್ಲಿಷರ ನಾಲಗೆಯಲ್ಲಿ ಬ್ರಿಜ್ಜಾಯಿತೆಂದು ತೋರುತ್ತದೆ. ಸೇತುವೆಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಕೇಳಿದವನ ಅಜ್ಞಾನ ಒಂದು ಪ್ರಶ್ನೆಯಲ್ಲಿ ಮುಗಿಯುತ್ತದೆ. ಹೇಳಿದವನ ಅಜ್ಞಾನ ಮೂರು ತಲೆಮಾರು ನಡೆಯುತ್ತದೆ.

ಇನ್ನು ಎಡವಟ್ಟುಗಳ ಮಾತಿಗೆ ಬರೋಣ. ಎಲ್ಲ ಎಡವಟ್ಟುಗಳೂ ದಡ್ಡತನದಿಂದ ಹುಟ್ಟುವುದಿಲ್ಲ. ಬೇರೊಂದು ವಿದ್ಯೆಯಲ್ಲಿ ಪಾರಂಗತರಾದವರಿಂದ ಹುಟ್ಟುವ ಎಡವಟ್ಟುಗಳೇ ಹೆಚ್ಚು ಸ್ವಾರಸ್ಯವಾದವು. ಘಟ್ಟದ ಕೆಳಗಿನವರಿಗೆ ಇಪ್ಪತ್ತೆಂಟು ಎಂಬ ಆಟ ಎಳವೆಯಿಂದಲೂ ಪರಿಚಿತವಾದುದು. ಅದರ ರಾಜ್ಯಾಂಗವೇ ಬೇರೆ. ಅಲ್ಲಿ ಗುಲಾಮನೇ ಸಾರ್ವಭೌಮ, ಅವನಿಗೆ ಮೂರು ಅಂಕ. ಅವನ ಮಂತ್ರಿ ಒಂಬತ್ತು, ಎರಡು ಅಂಕ. ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜನಿಗೂ ರಾಣಿಗೂ ಸೊನ್ನೆ. ನಾಲ್ಕು ಜಾತಿಗೆ ಏಳೇಳರಂತೆ ಒಟ್ಟು ಇಪ್ಪತ್ತೆಂಟು. ಸವಾಲು ಗೆದ್ದವನು ತುರುಪಿನ ಎಲೆಯನ್ನು ಕವುಚಿ ಮುಚ್ಚಿಡುತ್ತಾನೆ. ಯಾರಾದರೂ ಕೇಳುವವರೆಗೆ ಅದು ಗುಟ್ಟು.

ಕಳಸದ ಹತ್ತಿರದ ಒಂದು ತೋಟದ ಮನೆಗೆ ಮಂಗಳೂರಿನ ಕಡೆಯಿಂದ ಯಜಮಾನರ ಮಾವನವರು ಆಷಾಢದಲ್ಲಿ ಬಂದಿದ್ದರು. ಆ ದಿನ ನಾಲ್ಕನೆಯ ಕೈ ಬರಲಿಲ್ಲ. ಹಳ್ಳ ತುಂಬಿ ಹರಿಯುತ್ತಿತ್ತು. 'ನನಗೂ ಇಸ್ಪೀಟು ಬರುತ್ತದೆ' ಎಂದು ಮಾವನವರು ಶಾಲನ್ನು ಸರಿಮಾಡಿಕೊಂಡು ಅಳಿಯನ ಎದುರಿಗೆ ಕುಳಿತರು. ಎಲೆ ಹಂಚಿಯಾಯಿತು. ಮಾವನವರ ಮುಖ ಅರಳಿತು. ಸರದಿ ಬಂದೊಡನೆ ಘಂಟಾನಾದದಂತಹ ಕಂಠದಿಂದ, 'ಹದಿನೆಂಟು!' ಎಂದರು.

ಮೂವರೂ ಎಲೆಗಳನ್ನು ಕೆಳಗಿಟ್ಟು ನೋಡಿದರು. ಏಳಕ್ಕಿಂತ ಹೆಚ್ಚು ಕೂಗಲಾಗದೆಂದು ಅಳಿಯಂದಿರು ವಿನಯದಿಂದ ತಿಳಿಸಿದರು. 'ಏಳೇ? ಏಳಕ್ಕೆ ಹೆದರುವ ಮನೆತನ ನಮ್ಮದಲ್ಲ. ಏಳು!' ಎಂದರು. ಯಾವ ಜಾತಿ ಎಂದು ಬಲಗಡೆಯವರು ಕೇಳಿದರು. ಮಾವನವರು ಒಂದು ಎಲೆಯನ್ನು ಮೆಲ್ಲನೆ ಎಳೆದು, ವೀಳ್ಯದ ತಟ್ಟೆಯ ಕೆಳಗೆ ಕವುಚಿಟ್ಟು, 'ಅದನ್ನು ಮೊದಲೇ ಹೇಳಿಬಿಟ್ಟರೆ ಆಟಕ್ಕೆ ರುಚಿಯೆಲ್ಲಿ?' ಎಂದರು. ಅವರ ಕೈಯಲ್ಲಿ ನಾಲ್ಕು ಗುಲಾಮರೂ ಮೂರು ಒಂಬತ್ತುಗಳೂ ಇದ್ದುವು. ಹದಿಮೂರೂ ಟ್ರಿಕ್ಕು ಗೆಲ್ಲಬೇಕಾದಲ್ಲಿ ದೊರೆತುದು ಮೂರು. ಆಟ ಮುಗಿದ ಮೇಲೆ ಅವರ ಅಸಮಾಧಾನವೆಲ್ಲ ಸೋಲಿನ ಮೇಲಲ್ಲ, ಶಾಸ್ತ್ರದ ಮೇಲೆ. 'ಗುಲಾಮನನ್ನು ರಾಣಿ ಹೊಡೆದುಹಾಕುವುದು ಇದು ಯಾವ ಸೀಮೆಯ ನ್ಯಾಯ?' ಎಂದು ಕೇಳಿದರು. ಎದುರಿಗೆ ಕುಳಿತವನು ಅಳಿಯ, ಕೋಪಗೊಳ್ಳುವಂತಿಲ್ಲ. ಒಳಮನೆಯ ಕಡೆಗೊಮ್ಮೆ ನೋಡಿ, 'ನಮ್ಮ ಮನೆಯಲ್ಲಿಯೂ ಅದೇ ನ್ಯಾಯ ನಡೆಯುತ್ತಿದೆ, ಮಾವನವರೆ' ಎಂದನಂತೆ. ಆ ಮಾವನವರು ಆಮೇಲೆ ಹದಿನೈದು ದಿನ ಅಲ್ಲಿಯೇ ಇದ್ದು ಬ್ರಿಜ್ಜನ್ನು ಚೆನ್ನಾಗಿ ಕಲಿತರು. ಹೊರಡುವ ಮುನ್ನ ಮೂವರಿಗೂ ಇಪ್ಪತ್ತೆಂಟನ್ನು ಕಲಿಸಿ, ಅದರಲ್ಲಿ ಅವರನ್ನು ಸಾಂಗವಾಗಿ ಸೋಲಿಸಿಯೂ ಹೋದರು.

ಕಾಫಿಯ ಬೆಳೆಗಾರನಿಗೆ ಮಳೆಯೊಂದೇ ಧ್ಯಾನ. ಮಾರ್ಚಿಯಲ್ಲಿ ಹೂಮಳೆ ಬೀಳಬೇಕು. ಬಿದ್ದರೆ ಗಿಡ ಬೆಳ್ಳಗೆ ಅರಳುತ್ತದೆ. ಸುಮಾರು ಮೂರು ವಾರಗಳ ಬಳಿಕ ಇನ್ನೊಂದು ಮಳೆ ಬಂದು ಅದನ್ನು ಕಾಯಿಕಟ್ಟಿಸಬೇಕು. ಅದಕ್ಕೆ ಬ್ಯಾಕಿಂಗ್ ಮಳೆಯೆಂದು ಹೆಸರು. ಮಳೆಯನ್ನು ಇಂಚಿನಲ್ಲಿಯೂ, ಇಂಚನ್ನು ನೂರು ಭಾಗ ಮಾಡಿ ಸೆಂಟಿನಲ್ಲಿಯೂ ಅಳೆಯುತ್ತಾರೆ. ಮೂಡಿಗೆರೆಯ ಕಡೆಯ ಒಂದು ಮೇಜಿನಲ್ಲಿ ಬರಗಾಲದಂತಹ ಮಾರ್ಚಿಯಲ್ಲಿ ನಾಲ್ವರು ಆಡುತ್ತಿದ್ದರು. ಸವಾಲು ಒಂದು ಆಟೀನಿನಲ್ಲಿ ನಿಂತಿತ್ತು. ಆ ಹೊತ್ತಿಗೆ ಒಬ್ಬರ ತೋಟದ ರೈಟರು ತೊಯ್ದು ತೊಪ್ಪೆಯಾಗಿ ಜಗಲಿಗೆ ಬಂದು, 'ಎರಡು!' ಎಂದು ಕೂಗಿದನು. ಗೋಡೆಯ ಕಡೆಗೆ ಕುಳಿತಿದ್ದ, ಕಿವಿ ತುಸು ಮಂದವಾದ ಮಹನೀಯರು ತಲೆಯೆತ್ತದೆ, 'ಎರಡು ಏನು?' ಎಂದರು. 'ಎರಡು ಇಂಚು ಅಯ್ಯಾ, ಮೇಲೆ ಹತ್ತು ಸೆಂಟು.' 'ಹಾಗಾದರೆ ನಾನು ಮೂರು ಕಳಾವರು' ಎಂದು ಅವರು ಮುಂದಿನ ಸವಾಲು ಕೂಗಿಯೇಬಿಟ್ಟರು. ಬ್ರಿಜ್ಜಿನ ನಿಯಮಾವಳಿಯಲ್ಲಿ ಇಂಚೆಂಬ ಜಾತಿಯಿಲ್ಲ. ಆದರೆ ಆ ದಿನ ಯಾರೂ ನಿಯಮಾವಳಿಯನ್ನು ತೆರೆಯಲಿಲ್ಲ. ನಾಲ್ವರೂ ಎಲೆಗಳನ್ನು ಹಾಗೆಯೇ ಚೆಲ್ಲಿ ಜಗಲಿಗೆ ಓಡಿ ಆಕಾಶವನ್ನು ನೋಡುತ್ತ ನಿಂತರು.

ಇದೇ ಮಳೆಯ ಉಪಮೆಯಿಂದ ಇನ್ನೊಂದು ಮನೆಯಲ್ಲಿ ಅನಾಹುತವಾಯಿತು. ಗಂಡನು ಹೆಂಡತಿಗೆ ಆಟ ಕಲಿಸುತ್ತಿದ್ದನು. ಜೊತೆಗಾರನು ಒಂದು ಎಂದಾಗ ತನ್ನಲ್ಲಿಯೂ ಅದೇ ಜಾತಿಯ ಬಲವಿದ್ದರೆ ಎರಡು ಎಂದು ಒತ್ತಾಸೆ ಕೊಡಬೇಕು. ಇದನ್ನು ಆಕೆಗೆ ಮನದಟ್ಟು ಮಾಡುವುದಕ್ಕಾಗಿ, 'ನಾನು ಕೂಗುವುದು ಹೂಮಳೆ. ನೀನು ಕೂಗುವುದು ಬ್ಯಾಕಿಂಗ್ ಮಳೆ' ಎಂದು ಹೇಳಿಕೊಟ್ಟನು. ತೋಟದ ಮನೆಯಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು. ಒಂದೇ ಮಾತಿಗೆ ಗ್ರಹಿಸಿದಳು. ಸಂಜೆ ನೆಂಟರೊಡನೆ ಕುಳಿತಾಗ ಗಂಡನು 'ಒಂದು ಇಸ್ಪೀಟು' ಎಂದನು. ಆಕೆಯ ಕೈಯಲ್ಲಿ ಇಸ್ಪೀಟಿನ ಎಕ್ಕ, ರಾಜ ಮೊದಲಾಗಿ ಐದು ಎಲೆಗಳಿದ್ದುವು. ಆಕೆ ಸಮಾಧಾನದಿಂದ 'ಪಾಸ್' ಎಂದಳು. ಉಳಿದವರೂ ಪಾಸ್ ಎಂದರು. ಸವಾಲು ಅಲ್ಲಿಗೇ ಮುಗಿಯಿತು. ಡಮ್ಮಿಯ ಎಲೆಗಳು ಮೇಜಿನ ಮೇಲೆ ಹರಡಿದಾಗ ಗಂಡನ ಕಣ್ಣು ಮೇಲಾಯಿತು. ಒತ್ತಾಸೆ ಏಕೆ ಕೊಡಲಿಲ್ಲವೆಂದು ಕೇಳಿದುದಕ್ಕೆ ಆಕೆ, 'ಬ್ಯಾಕಿಂಗ್ ಮಳೆ ಇಪ್ಪತ್ತು ದಿವಸ ಬಿಟ್ಟಲ್ಲವೇ ಬರಬೇಕಾದುದು? ಒಡನೆಯೇ ಬಂದರೆ ಹೂವು ಕೊಳೆಯುವುದಿಲ್ಲವೇ?' ಎಂದಳು. ತೋಟದ ಶಾಸ್ತ್ರದಲ್ಲಿ ಆಕೆಯ ಮಾತಿಗೆ ಎದುರಾಡುವಂತಿರಲಿಲ್ಲ. ತಪ್ಪು ಉಪಮಾನ ಕೊಟ್ಟವನದೆಂದು ನಮ್ಮ ತೀರ್ಪು.

ಕನ್ನಡದಲ್ಲಿ ಆಡುವುದರಿಂದಲೇ ಆಗುವ ತೊಡಕುಗಳೂ ಉಂಟು. ಒಳಗಿನಿಂದ ಅಡಿಗೆಯವರು 'ಎಲೆ ಹಾಕಿದೆ' ಎಂದರೆ ಹೊರಗೆ 'ಯಾರ ಸರದಿ?' ಎಂದು ಕೇಳಿದವರನ್ನು ನಾವೇ ಕಂಡಿದ್ದೇವೆ. ಇನ್ನೊಬ್ಬ ತಾಯಿಗೆ ಒಂಬತ್ತರ ಮೇಲಿನ ಒಂದು ಎಲೆಯೂ ಬಂದಿರಲಿಲ್ಲ. ಇಂಥ ಕೈಗೆ ಯಾರ್ಬರೋ ಎಂದು ಹೆಸರು. ಇಂಗ್ಲೆಂಡಿನ ಒಬ್ಬ ಪ್ರಭು, ಈ ಕೈ ಬಂದರೆ ಒಂದಕ್ಕೆ ಸಾವಿರ ಕೊಡುತ್ತೇನೆಂದು ಪಂಥ ಕಟ್ಟುತ್ತಿದ್ದನಂತೆ; ಲೆಕ್ಕ ಹಾಕಿದರೆ ಅದು ಬರುವ ಸಂಭವ 1828ರಲ್ಲಿ ಒಂದು ಸಲ. ಪ್ರಭುಗಳ ಔದಾರ್ಯವನ್ನು ವಾಚಕರೇ ತೂಗಿ ನೋಡಬಹುದು. ನಮ್ಮ ತಾಯಿಗೆ ಈ ಲೆಕ್ಕಗಳು ತಿಳಿಯವು. ಸವಾಲು ತನ್ನ ಬಳಿಗೆ ಬಂದಾಗ, ಬಾಗಿಲಿಗೆ ಬಂದ ಪರಸ್ಥಳದವರಿಗೆ ಹೇಳುವಂತೆ, 'ಹಿರಿಯರು ಯಾರೂ ಇಲ್ಲ, ಎಲ್ಲ ಹುಡುಗರೇ' ಎಂದುಬಿಟ್ಟಳು. ಕೈಯ ಗುಟ್ಟನ್ನು ಮಾತಿನಲ್ಲಿ ಹೇಳುವುದು ನಿಯಮಕ್ಕೆ ವಿರುದ್ಧ. ಆದರೆ ಅಷ್ಟು ಅಚ್ಚುಕಟ್ಟಾಗಿ ಒಂದು ಕೈಯನ್ನು ವರ್ಣಿಸಿದ ಸವಾಲನ್ನು ನಾವು ಬೇರೆ ಕೇಳಿಲ್ಲ.

ಬಲ್ಲವರು ಮಾಡುವ ತಪ್ಪುಗಳು ಇಷ್ಟು ಚೆಲುವಾಗಿರುವುದಿಲ್ಲ. ತುರುಪು ಹದಿಮೂರು, ತನ್ನದೂ ಡಮ್ಮಿಯದೂ ಸೇರಿ ಎಂಟಾದರೆ ಹೊರಗಿರುವುದು ಐದು. ಐದನ್ನು ಎಣಿಸಿದರಾಯಿತು. ಕಣದಲ್ಲಿ ಎಷ್ಟು ಮೂಟೆ ಒಣಗುತ್ತಿದೆ, ಯಾವ ಆಳು ಎಷ್ಟು ಹಣ್ಣು ಕುಯ್ದನು, ಯಾವ ಶೆಟ್ಟರು ಎಷ್ಟು ಬಾಕಿ ಎಂಬುದನ್ನು ಪುಸ್ತಕ ನೋಡದೆ ಹೇಳುವ ಯಜಮಾನರು, ಮೇಜಿನ ಮುಂದೆ ನಾಲ್ಕರವರೆಗೆ ಎಣಿಸಿ, ಐದನೆಯ ತುರುಪು ಎದುರಾಳಿಯ ಕೈಯಿಂದ ಹೊರಬಿದ್ದಾಗ ಹಾವು ಕಂಡವರಂತೆ ಬೆಚ್ಚುತ್ತಾರೆ. ಒಬ್ಬನಿಗೆ ಬರಬಹುದಾದ ಕೈಗಳ ಸಂಖ್ಯೆ 6,35,01,35,59,600. ಅಷ್ಟನ್ನೂ ಆಡಿ ಮುಗಿಸಿದರೂ ಆ ಐದನೆಯ ತುರುಪು ಅವರಿಗೆ ಹೊಸದಾಗಿಯೇ ತೋರುವುದೆಂದು ನಮ್ಮ ನಂಬಿಕೆ.

ಮುಗ್ಧವಾಕ್ಯಗಳನ್ನು ಕೇಳಿ ನಗುವವರಿಗೆ ಇನ್ನೊಂದು ಸಂಗತಿ. 1925ನೆಯ ಇಸವಿಯಲ್ಲಿ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಎಂಬ ಅಮೆರಿಕದ ಸಿರಿವಂತನು 'ಫಿನ್ಲೆಂಡ್' ಎಂಬ ಹಡಗಿನಲ್ಲಿ ಪನಾಮಾ ಕಾಲುವೆಯ ಮಾರ್ಗವಾಗಿ ಹವಾನಾಕ್ಕೆ ಹೋಗುತ್ತ, ಇಂದು ನಾವು ಆಡುವ ಕಾಂಟ್ರಾಕ್ಟ್ ಬ್ರಿಜ್ಜಿನ ಗೆಲುವು ಸೋಲುಗಳ ಲೆಕ್ಕವನ್ನು ಸಿದ್ಧಮಾಡಿದನು. ಒಂದು ಪಂದ್ಯ ಗೆದ್ದ ಜೋಡಿಯು ಮುಂದೆ ಮುಳುಗಿದರೆ ದಂಡ ಹೆಚ್ಚಾಗಬೇಕು. ಅಂಥವರನ್ನು ಏನೆಂದು ಕರೆಯುವುದೆಂದು ತೋಚಲಿಲ್ಲ. ಆ ಹಡಗಿನಲ್ಲಿ ಒಬ್ಬ ತರುಣಿಯಿದ್ದಳು. ತಾನು ಚೀನಾದಲ್ಲಿ ಆಡಿದ ಯಾವುದೋ ಆಟದ ವಿಷಯವಾಗಿ ಸಲಹೆಗಳನ್ನು ಹೇಳುತ್ತ ಬಲ್ಲವರಿಗೆ ಬೇಸರ ಹುಟ್ಟಿಸಿದ್ದಳಂತೆ. ಆಕೆಯೇ 'ವಲ್ನರಬಲ್' ಎಂಬ ಮಾತನ್ನು ಸೂಚಿಸಿದಳು; ಗಾಯಕ್ಕೆ ಪಕ್ಕಾದವನು ಎಂದು ಅದರ ತಾತ್ಪರ್ಯ. ಆ ಮಾತು ಲೋಕದ ಎಲ್ಲ ಬ್ರಿಜ್ ಮೇಜುಗಳಲ್ಲಿಯೂ ಇಂದಿಗೂ ನಡೆದುಬಂದಿದೆ. ಹಡಗು ಇಳಿದ ಮೇಲೆ ಆ ತರುಣಿಯ ಹೆಸರು ಮಾತ್ರ ಯಾರಿಗೂ ನೆನಪಿರಲಿಲ್ಲ.

ಎಡವಟ್ಟಿನಿಂದ ಯಾರೂ ಸತ್ತಿಲ್ಲ. ಎಡವಟ್ಟಾದ ಮೇಲೆ ನಡೆಯುವ ವಿಮರ್ಶೆಯಿಂದ ಸತ್ತವರುಂಟು. ಇದು ಅಲಂಕಾರದ ಮಾತಲ್ಲ. ಅಮೆರಿಕದ ಕಾನ್ಸಾಸ್ ನಗರದಲ್ಲಿ 1929ನೆಯ ಸೆಪ್ಟೆಂಬರ್ 29ರ ರಾತ್ರಿ ಬೆನೆಟ್ ಎಂಬ ದಂಪತಿಗಳು ನೆರೆಯ ದಂಪತಿಗಳೊಡನೆ ಆಡುತ್ತಿದ್ದರು. ಗಂಡನು ನಾಲ್ಕು ಇಸ್ಪೀಟು ಆಡಲೊಪ್ಪಿ ಮುಳುಗಿದನು. ಹೆಂಡತಿ ಅವನ ಆಟವನ್ನು ಹಳಿದಳು; ಅವನು ಅತಿಥಿಗಳೆದುರಿನಲ್ಲಿಯೇ ಆಕೆಯ ಕೆನ್ನೆಗೆ ಹೊಡೆದನು; ಆಕೆ ಪಿಸ್ತೂಲನ್ನು ತಂದು ಅವನನ್ನು ಸುಟ್ಟಳು. 1931ರಲ್ಲಿ ಪಂಚರು ಆಕೆಯನ್ನು ನಿರ್ದೋಷಿಯೆಂದರು. ಇದಕ್ಕಿಂತ ನಮ್ಮನ್ನು ಬೆರಗುಗೊಳಿಸುವುದೆಂದರೆ, ಆಮೇಲೆ ಆಟದ ಪಂಡಿತರು ಆ ಕೈಯನ್ನು ಬರೆದಿಟ್ಟು, ಸತ್ತವನು ಹೇಗೆ ಆಡಿದ್ದರೆ ಗೆಲ್ಲಬಹುದಾಗಿತ್ತೆಂದು ಚರ್ಚಿಸಿದುದು.

ನಮ್ಮ ಬೆಟ್ಟಗಳಲ್ಲಿ ಪಿಸ್ತೂಲಿನವರೆಗೆ ಹೋಗುವುದಿಲ್ಲ. ಒಂದು ಮಾತು ಸಾಕಾಗುತ್ತದೆ. ಕಳಸದ ಒಂದು ಮನೆಯಲ್ಲಿ ಭಾನುವಾರಗಳಲ್ಲಿ ಮೇಜು ಕೂಡುತ್ತಿತ್ತು. ತೋಟದ ಯಜಮಾನರೊಬ್ಬರು, ಅವರ ಷಡ್ಡಕರು, ಒಬ್ಬ ಡಾಕ್ಟರು. ನಾಲ್ಕನೆಯವರು ಕೆಲಸದಿಂದ ನಿವೃತ್ತರಾದ ಶಾಲೆಯ ಮೇಷ್ಟರು. ಮೇಷ್ಟರ ಮನೆ ಭದ್ರೆಯ ಆಚೆ, ಹೊರನಾಡಿನ ದಾರಿಯಲ್ಲಿ. ಹಣದಲ್ಲಿ ಅವರು ಉಳಿದ ಮೂವರ ಸಮಕ್ಕೆ ಬಾರದವರು. ಆದರೂ ಕೊಡೆ ಹಿಡಿದು, ಹೆಬ್ಬಾಳೆಯ ಸೇತುವೆ ದಾಟಿ, ಒಂದು ವಾರವೂ ತಪ್ಪದೆ ಬರುತ್ತಿದ್ದರು.

ಒಂದು ದಿನ ಷಡ್ಡಕರು ಐದು ಕಳಾವರಿಗೆ ಆಡುತ್ತಿದ್ದರು. ಅವರನ್ನು ಮುಳುಗಿಸಲು ಯಜಮಾನರಿಗೂ ಮೇಷ್ಟರಿಗೂ ಸೇರಿ ಮೂರು ಟ್ರಿಕ್ಕು ಬೇಕು. ಯಜಮಾನರು ಆಟೀನಿನ ಎಕ್ಕವನ್ನು ಇಳಿದರು. ಮೇಷ್ಟರ ಕೈಯಲ್ಲಿ ಆಟೀನು ಇರಲಿಲ್ಲ. ಅವರು ಕನ್ನಡಕವನ್ನೊರಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಜೊತೆಗಾರನ ಗೆಲ್ಲುವ ಎಕ್ಕದ ಮೇಲೆಯೇ ಒಂದು ಚಿಕ್ಕ ತುರುಪನ್ನು ಹಾಕಿದರು. ಮನೆಯವನೇ ಮನೆಯವನನ್ನು ಕಡಿದಂತಾಯಿತು. ಯಜಮಾನರು ಕೆಂಪಾದರು. 'ಮೇಷ್ಟರೆ, ನಿಮ್ಮ ಹತ್ತಿರ ಲೆಕ್ಕ ಕಲಿತ ಹುಡುಗರ ಗತಿಯೇನಾಗಿದ್ದೀತು?' ಎಂದರು. ಎಲ್ಲರೂ ನಕ್ಕರು, ಮೇಷ್ಟರೂ ನಕ್ಕರು. ನಕ್ಕು, ಡೈಮನ್ನಿನ ಒಂದೆಲೆಯನ್ನು ಇಳಿದರು. ಷಡ್ಡಕರು ಡೈಮನ್ನಿನ ರಾಜನನ್ನು ಹಾಕಿದರು; ಯಜಮಾನರು ಎಕ್ಕದಿಂದ ಹಿಡಿದರು. ಹಿಡಿದವರು ಕೋಪದಿಂದ, ಆಟೀನು ಎಂದರೆ ಏನೆಂದು ಮೇಷ್ಟರಿಗೆ ತೋರಿಸುವವರಂತೆ, ಆಟೀನಿನ ರಾಜನನ್ನು ಮೇಜಿಗೆ ಕುಟ್ಟಿದರು. ಷಡ್ಡಕರು ಅದನ್ನು ತುರುಪಿನಿಂದ ಕಡಿದರು, ಉಳಿದ ತುರುಪುಗಳನ್ನು ತೆಗೆಸಿದರು, ಸವಾಲನ್ನು ಗೆದ್ದರು. ಮೇಷ್ಟರು ತಮ್ಮ ಪಾಲಿನ ಚಿಲ್ಲರೆಯನ್ನು ಎಣಿಸಿ ಇಟ್ಟು, ಕಾಫಿ ಕುಡಿದು, ಎಲ್ಲರಿಗೂ ನಮಸ್ಕಾರ ಹೇಳಿ ಹೊರಟರು. ಮುಂದಿನ ಭಾನುವಾರ ನೆಗಡಿ ಎಂದು ಹೇಳಿಕಳುಹಿದರು. ಅದರ ಮುಂದಿನ ಭಾನುವಾರ ನೆಂಟರು ಬಂದಿದ್ದಾರೆಂದರು. ಆಮೇಲೆ ಹೇಳಿಕಳುಹುವುದನ್ನೂ ಬಿಟ್ಟರು.

ಮೂವರು ಉಳಿದರು. ಒಂದೆರಡು ವಾರ ರಮ್ಮಿ ಆಡಿದರು, ಅದು ರುಚಿಸಲಿಲ್ಲ. ಒಂದು ವಾರ ಡಾಕ್ಟರು ತಮ್ಮ ಮೊಮ್ಮಗನ ಯಂತ್ರವನ್ನು ತಂದು, ಅಂತರಜಾಲದಲ್ಲಿ ನಾಲ್ಕನೆಯವನನ್ನು ಹುಡುಕೋಣವೆಂದರು. ಮಳೆಯಲ್ಲಿ ಆ ಜಾಲವೇ ಹರಿದುಹೋಗಿತ್ತು. ಮನೆಯ ಗೃಹಿಣಿ ಅವಲಕ್ಕಿಯ ತಟ್ಟೆಗಳನ್ನು ಮೇಜಿನ ಮೇಲಿಡುವಾಗ, ರೂಢಿಯ ಮೇರೆಗೆ ನಾಲ್ಕನ್ನು ತಂದು, ಒಂದನ್ನು ಹಾಗೆಯೇ ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. 'ಮೇಷ್ಟರು ಮಾಡಿದ ತಪ್ಪೇನು?' ಎಂದು ಆಕೆ ಒಂದು ದಿನ ಕೇಳಿದರು. ಆಟದ ಗಂಧವಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲವೆಂದು ಯಜಮಾನರು ಸುಮ್ಮನಾದರು. ಆಕೆ ಬಿಡಲಿಲ್ಲ: 'ಅಷ್ಟು ನಿಧಾನದ ಮನುಷ್ಯರು, ಕನ್ನಡಕ ಒರಸಿಕೊಂಡು ಯೋಚಿಸಿ ಹಾಕಿದ ಎಲೆ. ತಪ್ಪು ಮಾಡುವವರು ಅಷ್ಟು ಹೊತ್ತು ಯೋಚಿಸುತ್ತಾರೆಯೇ?'

ಈ ಮಾತು ಡಾಕ್ಟರ ತಲೆಯನ್ನು ಹೊಕ್ಕಿತು. ಅವರು ಆ ದಿನ ಡಮ್ಮಿಯಾಗಿದ್ದವರು, ಎಲೆಗಳು ನೆನಪಿದ್ದುವು. ಮೇಜಿನ ಮೇಲೆ ನಾಲ್ಕು ಕೈಗಳನ್ನೂ ಮತ್ತೆ ಹರಡಿದರು. ಇಸ್ಪೀಟಿನ ಗೊಡವೆಯಿಲ್ಲದ ವಾಚಕರು ಮುಂದಿನ ನಾಲ್ಕು ಸಾಲುಗಳನ್ನು ದಾಟಿ ಹೋಗಬಹುದು. ಯಜಮಾನರ ಕೈಯಲ್ಲಿ ಡೈಮನ್ನಿನ ಎಕ್ಕ, ರಾಣಿ ಎರಡೂ ಇದ್ದುವು. ನಡುವಣ ರಾಜನು ಷಡ್ಡಕರ ಕೈಯಲ್ಲಿ, ಒಂದು ಚಿಕ್ಕ ಎಲೆಯೊಡನೆ. ಮೇಷ್ಟರ ಕಡೆಯಿಂದ ಡೈಮನ್ನು ಇಳಿದುಬಂದರೆ ಮಾತ್ರ ಆ ರಾಜನು ಸಿಕ್ಕಿಬೀಳುತ್ತಾನೆ. ಮೇಷ್ಟರ ಕೈಗೆ ಸರದಿ ಬರಲು ಇದ್ದ ದಾರಿ, ಜೊತೆಗಾರನ ಎಕ್ಕವನ್ನು ಕಡಿಯುವುದೊಂದೇ. ಎರಡನೆಯ ಸುತ್ತಿಗೆ ಕಾದಿದ್ದರೆ ಷಡ್ಡಕರಲ್ಲಿ ಆಟೀನು ಮುಗಿದು, ಅವರು ದೊಡ್ಡ ತುರುಪಿನಿಂದ ಮೇಷ್ಟರ ತುರುಪನ್ನು ಹೊಡೆಯುತ್ತಿದ್ದರು. ತುರುಪಿನದೊಂದು, ಡೈಮನ್ನಿನ ಎಕ್ಕ ಒಂದು, ರಾಣಿ ಒಂದು: ಮೂರು ಟ್ರಿಕ್ಕು ಕೈಯಲ್ಲಿಯೇ ಇದ್ದುವು. ರಾಣಿಯನ್ನು ಆಡುವುದಕ್ಕೆ ಬದಲಾಗಿ ಯಜಮಾನರು ಆಟೀನಿನ ರಾಜನನ್ನು ಕುಟ್ಟಿದುದರಿಂದ ಡಮ್ಮಿಯಲ್ಲಿದ್ದ ಆಟೀನಿನ ರಾಣಿ ಗೆಲ್ಲುವ ಎಲೆಯಾಯಿತು. ಷಡ್ಡಕರು ತಮ್ಮ ಸೋಲುವ ಡೈಮನ್ನನ್ನು ಅದರ ಮೇಲೆ ಎಸೆದು ಪಾರಾದರು.

ಮೂವರೂ ಬಹಳ ಹೊತ್ತು ಮಾತಾಡಲಿಲ್ಲವಂತೆ. ಮರುದಿನ ಸೋಮವಾರವಾಗಿದ್ದರೂ, ಮಳೆ ಎಡೆಬಿಡದೆ ಹೊಯ್ಯುತ್ತಿದ್ದರೂ, ಮೂವರೂ ಜೀಪು ಹತ್ತಿ ಹೆಬ್ಬಾಳೆಯನ್ನು ದಾಟಿ ಮೇಷ್ಟರ ಮನೆಗೆ ಹೋದರು. ಯಜಮಾನರು ಕ್ಷಮೆ ಕೇಳುವುದಕ್ಕೆ ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. 'ಮೇಷ್ಟರೆ, ನಾನು ಡೈಮನ್ ರಾಣಿ ಆಡಬೇಕಾಗಿತ್ತು' ಎಂದರು. ಮೇಷ್ಟರು ಕನ್ನಡಕವನ್ನೊರಸಿಕೊಂಡು, 'ಆಡಬೇಕಾಗಿತ್ತು' ಎಂದರು. ಅಷ್ಟೇ. ಆ ಮೇಲೆ ಒಳಗಿನಿಂದ ಬಿಸಿ ಕಾಫಿಯೂ, ಕೋಣೆಯಿಂದ ಒಂದು ಹಳೆಯ ಕಟ್ಟು ಇಸ್ಪೀಟೂ ಬಂದುವು.

ಭದ್ರೆ ಉಕ್ಕಿ ಬಂದಾಗ ಹೆಬ್ಬಾಳೆಯ ಸೇತುವೆ ಮುಳುಗುವ ಸುದ್ದಿಯನ್ನು ಪತ್ರಿಕೆಗಳಲ್ಲಿ ವಾಚಕರು ಎಷ್ಟೋ ಸಲ ಓದಿರಬಹುದು. ಆ ಸಂಜೆಯೂ ಹಾಗೆಯೇ ಆಯಿತು. ರಾತ್ರಿಯಲ್ಲಿ ಸುತ್ತುದಾರಿ ಹಿಡಿಯುವುದು ಬೇಡವೆಂದು ಮೇಷ್ಟರ ಮನೆಯವರು ಮೂವರನ್ನೂ ಅಲ್ಲಿಯೇ ನಿಲ್ಲಿಸಿಕೊಂಡರು. ಯಜಮಾನರು ದೂರವಾಣಿಯಲ್ಲಿ ಮನೆಗೆ ತಿಳಿಸಿದರು. ಮಳೆಯ ಸದ್ದಿನಲ್ಲಿ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. 'ಬ್ರಿಜ್ಜು ಮುಳುಗಿತು! ಈ ರಾತ್ರಿ ಬರುವಂತಿಲ್ಲ!' ಎಂದು ಕೂಗಿದರು.

ಆಚೆಯಿಂದ ಗೃಹಿಣಿಯ ಕಂಠ ಕೇಳಿಸಿತು: 'ಈ ಸಾರಿ ಯಾರ ತಪ್ಪು?'